ಅಪ್‌ಡೇಟ್: ಲಾಸಿಕ್ ಬೇಡ ಅಂದರು, ಪಿಆರ್‌ಕೆ ಆಯಿತು

ನನ್ನ ಕಣ್ಣಿಗೆ ಮೈನಸ್ 4 ಪವರ್, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತೆಳು, ಕನ್ನಡಕ ಬಿಡಲು ಲೇಸರ್ ಮಾಡಿಸಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಮಾಡಿಸಿಕೊಂಡೆ. ಆದರೆ ಲಾಸಿಕ್ ಅಲ್ಲ, ಪಿಆರ್‌ಕೆ. ಎರಡೂ ಲೇಸರ್‌ನಿಂದ ಪವರ್ ಸರಿಪಡಿಸುವ ವಿಧಾನಗಳೇ.

ಡಾಕ್ಟರ್ ಬಿಡಿಸಿ ಹೇಳಿದರು. ನಮ್ಮಂಥವರ ಕಣ್ಣಲ್ಲಿ ಬೆಳಕು ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಮುಟ್ಟುವ ಮೊದಲೇ ಒಂದು ಕಡೆ ಸೇರಿಬಿಡುತ್ತದೆ. ಅದಕ್ಕೇ ದೂರದ್ದು ಮಸುಕು. ಲೇಸರ್ ಕಾರ್ನಿಯಾದ ನಡುಭಾಗವನ್ನು ಸವೆಸಿ ಸ್ವಲ್ಪ ಚಪ್ಪಟೆ ಮಾಡುತ್ತದೆ. ಒಂದು ಪವರ್‌ಗೆ ಸುಮಾರು 15 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹೋಗುತ್ತದೆ. ಲಾಸಿಕ್‌ನಲ್ಲಿ ಅದಕ್ಕೂ ಮೊದಲು 100 ಮೈಕ್ರಾನ್ ಆಸುಪಾಸಿನ ಪದರ ಕತ್ತರಿಸಿ ಎತ್ತುತ್ತಾರೆ. ವಾಪಸ್ ಮುಚ್ಚಿದರೂ ಅದಕ್ಕೆ ಮೊದಲಿನ ಗಟ್ಟಿತನ ಬರುವುದಿಲ್ಲ. ಪಿಆರ್‌ಕೆಯಲ್ಲಿ ಲೇಸರ್‌ಗೆ ಮೊದಲು ತೆಗೆಯುವುದು ಮೇಲಿನ ತೆಳು ಪೊರೆ ಮಾತ್ರ, ಅದು ತಾನಾಗಿ ಬೆಳೆಯುತ್ತದೆ. ನನ್ನ ಕಾರ್ನಿಯಾ ತೆಳುವಾದ್ದರಿಂದ ಅದಕ್ಕೇ ಇದು.

ಲೇಸರ್ ಓಡುವಾಗ ನೋವಿಲ್ಲ. ಹಸಿರು ದೀಪ ನೋಡುತ್ತಾ ಸುಮ್ನೆ ಮಲಗಿದ್ದೆ, ಕೂದಲು ಸುಟ್ಟ ವಾಸನೆ ಬಂತು. ಕಷ್ಟ ಆಮೇಲೆ! ಗಾಯ ಕಾಪಾಡಲು ಕಣ್ಣಿನ ಮೇಲೆ ಬ್ಯಾಂಡೇಜ್ ಲೆನ್ಸ್ ಹಾಕಿದ್ದರೂ ಮೊದಲ ಕೆಲವು ದಿನ ಈರುಳ್ಳಿ ಹೆಚ್ಚಿದ ಹಾಗೆ ಉರಿ, ನೀರು. ದೃಷ್ಟಿಯೂ ನಿಧಾನಕ್ಕೇ ತಿಳಿಯಾಯಿತು. ಈಗ ಬಸ್ಸಿನ ಬೋರ್ಡು ದೂರದಿಂದಲೇ ಓದುತ್ತೇನೆ. ರಾತ್ರಿ ಹೆಡ್‌ಲೈಟ್ ಸುತ್ತ ಬಳೆ ಕಾಣುವುದು ಇನ್ನೂ ಪೂರ್ತಿ ಹೋಗಿಲ್ಲ.

ಓದುವ ಕನ್ನಡಕ ತಪ್ಪುತ್ತದಾ ಅಂತ ಒಬ್ಬರು ಕೇಳಿದ್ದರು. ಇಲ್ಲ. ನಲವತ್ತರ ನಂತರ ಗಟ್ಟಿಯಾಗುವುದು ಒಳಗಿನ ಲೆನ್ಸು, ಈ ಲೇಸರ್ ಅದನ್ನು ಮುಟ್ಟುವುದೇ ಇಲ್ಲ.