‘ಟ್ರಾವೆಲಾಗ್’ (1980): ‘ಡೇರ್’ಗೆ ಮೆಟ್ಟಿಲೋ, ಮುಗಿದುಹೋದ ದಾರಿಯೋ?

ರೀಲ್‌ಟೇಪು: ಇಂಗ್ಲೆಂಡಿನ ಶೆಫೀಲ್ಡಿನ ಸಿಂಥ್ (ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸೋ ವಾದ್ಯ) ಬ್ಯಾಂಡ್ ಹ್ಯೂಮನ್ ಲೀಗ್ 1980ರ ಮೇನಲ್ಲಿ ‘ಟ್ರಾವೆಲಾಗ್’ ಆಲ್ಬಂ ತಂತು. ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ 16ನೇ ಸ್ಥಾನ. ವರ್ಷ ಮುಗಿಯೋದರೊಳಗೆ ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ಹೊರನಡೆದರು. ಹಾಡುಗಾರ ಫಿಲಿಪ್ ಓಕಿ, ವೇದಿಕೆ ಮೇಲೆ ಸ್ಲೈಡ್ ಚಿತ್ರ ತೋರಿಸುತ್ತಿದ್ದ ಏಡ್ರಿಯನ್ ರೈಟ್ ಉಳಿದರು. ಅವರ ಮುಂದಿನ ಆಲ್ಬಂ, 1981ರ ‘ಡೇರ್’ ಒಂದನೇ ಸ್ಥಾನಕ್ಕೆ ಏರಿತು. ನನ್ನ ಲೆಕ್ಕದಲ್ಲಿ ಟ್ರಾವೆಲಾಗ್ ಅಂದ್ರೆ ಅರ್ಧ ಡೇರ್. ಡೇರ್ ಹೊತ್ತಿಗೆ ಬ್ಯಾಂಡ್ ಸೇರಿದ ಇಬ್ಬರು ಹುಡುಗಿಯರ ದನಿ ಸೇರಿಸಿದ್ರೆ ಪೂರ್ತಿ.

ಸುಮಾ ಕೆ: ಒಪ್ಪಲ್ಲ. ದನಿ ಬಿಡಿ, ತಾಳ ಕೇಳಿ. ಡೇರ್‌ನ ಡ್ರಮ್ ಲಿನ್ ಎಲ್‌ಎಂ-1ದು. ನಿಜವಾದ ಡ್ರಮ್ ಏಟನ್ನು ಚಿಪ್‌ನಲ್ಲಿ ಹಿಡಿದಿಟ್ಟಿರೋ ಪೆಟ್ಟಿಗೆ ಅದು, ಸಾವಿರ ಸಲ ಬಾರಿಸಿದರೂ ಅದೇ ಏಟು. ಟ್ರಾವೆಲಾಗ್‌ನಲ್ಲಿ ರೋಲ್ಯಾಂಡ್ ಸಿಸ್ಟಮ್ 100ರಂಥ ಸಿಂಥ್‌ನಲ್ಲೇ ಡ್ರಮ್ ಕಟ್ಟಿದಾರೆ.

ರೀಲ್‌ಟೇಪು: ಕಟ್ಟೋದು ಅಂದ್ರೆ ಹೇಗೆ? ಕೇಳೋರಿಗೆ ಅಷ್ಟು ವ್ಯತ್ಯಾಸ ಗೊತ್ತಾಗುತ್ತಾ?

ಸುಮಾ ಕೆ: ಗೊತ್ತಾಗುತ್ತೆ. ಕಿಕ್‌ಗೆ (ದಪ್ಪ ಡ್ರಮ್ಮಿನ ಏಟು) ಸದ್ದು ಸೋಸೋ ಫಿಲ್ಟರ್‌ನ ರೆಸೊನೆನ್ಸ್ ಗುಂಡಿ ತುದಿವರೆಗೆ ತಿರುಗಿಸಿ, ಫಿಲ್ಟರೇ ಶಿಳ್ಳೆ ಹಾಕೋಕೆ ಶುರುಮಾಡುತ್ತೆ. ಆ ಶಿಳ್ಳೆಯ ಶ್ರುತಿ ಹಿಡಿಯೋ ಕಟಾಫ್ 50–60 ಹರ್ಟ್ಸ್‌ಗೆ ಇಳಿಸಿ. ಸದ್ದು ಏರಿ ಇಳಿಯೋದನ್ನು ನಿಯಂತ್ರಿಸೋ ಎನ್ವಲಪ್‌ನ ಅಟ್ಯಾಕ್ (ಏರೋ ಹೊತ್ತು) ಸೊನ್ನೆ, ಡಿಕೇ (ಇಳಿಯೋ ಹೊತ್ತು) 200 ಮಿಲಿಸೆಕೆಂಡ್ ಒಳಗೆ. ಅದೇ ಎನ್ವಲಪ್‌ನಿಂದ ಕಟಾಫನ್ನೂ ಸ್ವಲ್ಪ ತಳ್ಳಿ. ಸ್ವರ ಮೇಲಿಂದ ಕೆಳಗೆ ಜಾರಿದಾಗ ‘ಧುಮ್’ ಬರುತ್ತೆ. ತಳ್ಳೋದು ಜಾಸ್ತಿಯಾದ್ರೆ ‘ಪ್ಯೂಂ’ ಅನ್ನುತ್ತೆ, ಡಿಕೇ ಉದ್ದವಾದ್ರೆ ಏಟುಗಳು ಒಂದಕ್ಕೊಂದು ಅಂಟಿಕೊಂಡು ಬರೀ ಗುಂಯ್. ಸ್ನೇರ್‌ಗೆ (ಚಟ್ ಅನ್ನೋ ಡ್ರಮ್) ಬಿಳಿ ಸದ್ದು, ಅಂದ್ರೆ ‘ಶ್‌ಶ್’ ಅನ್ನೋ ಗದ್ದಲ, 100 ಮಿಲಿಸೆಕೆಂಡ್ ಸಾಕು.

ಗುಬ್ಬಿ_78: ಒಂದು ಮಾತು ಸೇರಿಸ್ತೀನಿ. ಸಿಸ್ಟಮ್ 100ರ 104 ಅನ್ನೋ ಸೀಕ್ವೆನ್ಸರ್‌ನಲ್ಲಿ (ಸ್ವರಗಳನ್ನು ಸರದಿಯಲ್ಲಿ ತಾನೇ ನುಡಿಸೋ ಪೆಟ್ಟಿಗೆ) ಎರಡು ಸಾಲು, ಸಾಲಿಗೆ 12 ಹೆಜ್ಜೆ. ಪ್ರತಿ ಹೆಜ್ಜೆಗೂ ಕೈಯಲ್ಲೇ ಗುಂಡಿ ತಿರುಗಿಸಿ ಶ್ರುತಿ ಹಿಡೀಬೇಕು. ಉಳಿಸಿಡೋಕೆ ಮೆಮೊರಿ ಇಲ್ಲ, ನಾಬ್ ಎಲ್ಲಿತ್ತು ಅಂತ ಕಾಗದದಲ್ಲಿ ಬರ್ಕೋಬೇಕು. ಯಂತ್ರ ಬಿಸಿಯಾದ್ರೆ ಶ್ರುತಿ ಸರಿಯುತ್ತೆ, ಟೇಪಿನ ಮೇಲೆ ಮುಂದಿನ ಪದರ ಹಾಕೋ ಮುಂಚೆ ಮತ್ತೆ ಶ್ರುತಿ ಮಾಡದಿದ್ರೆ ಅಪಸ್ವರ ಗ್ಯಾರಂಟಿ. ಆ ಆಲ್ಬಂನ ಒರಟು ಹುಟ್ಟಿದ್ದೇ ಅಲ್ಲಿ, ನನಗೆ ಅದರ ಮೇಲೇ ಪ್ರೀತಿ.

ರೀಲ್‌ಟೇಪು: ಹಾಗಾದ್ರೆ ಹೊರಹೋದ ಇಬ್ಬರು ಆ ದಾರಿ ಮುಂದುವರಿಸಿದ್ರು ಅನ್ನಿ.

ಸುಮಾ ಕೆ: ಇಲ್ಲ, ನನ್ನ ವಾದ ಇರೋದೇ ಅಲ್ಲಿ. ಅವರು ಕಟ್ಟಿದ ಹೆವನ್ 17ನ ಮೊದಲ ಆಲ್ಬಂ, 1981ರ ‘ಪೆಂಟ್‌ಹೌಸ್ ಅಂಡ್ ಪೇವ್‌ಮೆಂಟ್’ ಕೇಳಿ. ಅಲ್ಲೂ ಎಲ್‌ಎಂ-1, ಜತೆಗೆ ಜಾನ್ ವಿಲ್ಸನ್ ನುಡಿಸಿದ ಬೇಸ್, ಗಿಟಾರ್. ಒಡೆದ ಎರಡೂ ಪಾಲು ಒಂದೇ ವರ್ಷದಲ್ಲಿ ಅದೇ ಪೆಟ್ಟಿಗೆಗೆ ಹೋದವು. ಕೈಯಲ್ಲಿ ಡ್ರಮ್ ಕಟ್ಟೋ ಕೆಲಸಕ್ಕೆ ವಾರಸುದಾರರೇ ಉಳೀಲಿಲ್ಲ.

ಗುಬ್ಬಿ_78: ಹ್ಯೂಮನ್ ಲೀಗ್‌ನ ‘ಬೀಯಿಂಗ್ ಬಾಯ್ಲ್ಡ್’ ಹಾಡು ಎರಡು ಸಲ ರೆಕಾರ್ಡ್ ಆಗಿದೆ: 1978ರ ಸಿಂಗಲ್, ಮತ್ತೆ ಟ್ರಾವೆಲಾಗ್‌ನಲ್ಲಿ ತುತ್ತೂರಿಯಂಥ ಸಿಂಥ್ ತುಂಬಿಸಿದ್ದು. ಎರಡನ್ನೂ ಒಂದರ ಹಿಂದೊಂದು ಹಾಕಿ, ಕಿಕ್ ಒಂದನ್ನೇ ಹಿಡಿದು ಕೇಳಿ. ಆಮೇಲೆ ಡೇರ್‌ನ ಯಾವ ಹಾಡಾದ್ರೂ ಸರಿ.

ರೀಲ್‌ಟೇಪು: ಕೇಳಿದೆ. ‘ಅರ್ಧ ಡೇರ್’ ಅಂದಿದ್ದು ವಾಪಸ್ ತಗೊಂಡೆ. ರಾಗದ ವಿಷಯದಲ್ಲಿ ಮಾತ್ರ ಇನ್ನೂ ಬಿಟ್ಟುಕೊಡಲ್ಲ.