ಹೊಸ ಟಾರ್ಕ್ ರೆಂಚ್ ಕ್ಲಿಕ್ಕೇ ಆಗುತ್ತಿಲ್ಲ, ಕ್ಲಚ್ ಕವರ್ ಥ್ರೆಡ್ ಹೋಯ್ತು

ಶೆಡ್ ಮಂಜ, ತಿಪಟೂರು
ಎಲ್ಲರಿಗೂ ನಮಸ್ಕಾರ. ಹಳೇ ಟೂಲ್ಸ್ ಎಲ್ಲ ಸವೆದು ಹೋಗಿವೆ, ಈ ಸಲ ಒಳ್ಳೆಯದೇ ತಗೊಳ್ಳೋಣ ಅಂತ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಿನಲ್ಲಿ ಬಾಕ್ಸ್ (ಸಾಕೆಟ್) ಸೆಟ್, ರಿಂಗ್ ಸ್ಪ್ಯಾನರ್ ಸೆಟ್, ಜೊತೆಗೆ ಒಂದು ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಸೆಟ್ ಮಾಡಿದರೆ, ಅಲ್ಲಿಗೆ ಬಂದಾಗ ಕ್ಲಿಕ್ ಅನ್ನುತ್ತದೆ) ತಂದೆ. ದುಡ್ಡು ಜಾಸ್ತಿಯೇ ಕೊಟ್ಟಿದ್ದೇನೆ. ಮೊದಲನೇ ಕೆಲಸಕ್ಕೇ ರೆಂಚ್ ಕೈ ಕೊಟ್ಟಿತು.

ಕ್ಲಚ್ ಪ್ಲೇಟ್ ಬದಲಾಯಿಸಿ ಕವರ್ ಹಾಕುತ್ತಿದ್ದೆ. ಮ್ಯಾನ್ಯುಯಲ್‌ನಲ್ಲಿ ಇರುವ ಹಾಗೆ 10ಕ್ಕೆ ಸೆಟ್ ಮಾಡಿದೆ. ತಿರುಗಿಸುತ್ತಲೇ ಇದ್ದೇನೆ, ಕ್ಲಿಕ್ ಅನ್ನೋ ಸದ್ದೇ ಇಲ್ಲ. ಆಮೇಲೆ ಒಂದು ಸಲ ಕೈಗೆ ಹಗುರ ಅನ್ನಿಸಿತು. ಬಿಚ್ಚಿ ನೋಡಿದರೆ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಥ್ರೆಡ್ ಸುರುಳಿ ಸುತ್ತಿಕೊಂಡು ಬಂದಿದೆ. ಪಕ್ಕದ ಬೋಲ್ಟೂ ಸುಮ್ನೆ ಸುತ್ತುತ್ತಿದೆ. ಸಂಜೆ ಕಸ್ಟಮರ್ ಬರುತ್ತಾರೆ. ರೆಂಚ್ ಹಾಳಾಗಿದೆಯಾ? ವಾಪಸ್ ಕೊಡಬಹುದಾ? ಬೇಗ ಹೇಳಿ.

ಜೇಸಿ ರೋಡ್ ಜಾಣ, ಬೆಂಗಳೂರು
ಡೂಪ್ಲಿಕೇಟ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಬ್ರ್ಯಾಂಡ್ ಹೆಸರು ಕೆತ್ತಿದ್ದಾ, ಸ್ಟಿಕ್ಕರಾ? ಪಕ್ಕಾ ಬಿಲ್ ಕೊಟ್ಟರಾ, ಬಿಳಿ ಚೀಟಿಯಾ? ಆ ರಸ್ತೆಯಲ್ಲಿ ಒಳ್ಳೆ ಅಂಗಡಿಗಳೂ ಇವೆ, ಆದರೆ ಗುರುತಿಲ್ಲದೆ ಹೋದರೆ ಕೈಗೆ ಏನು ಕೊಡುತ್ತಾರೆ ಅಂತ ಗೊತ್ತಾಗಲ್ಲ.

ಮೈಕ್ರಾನ್, ಪೀಣ್ಯ
ಡ್ರೈವ್ (ಬಾಕ್ಸ್ ಕೂರುವ ಚೌಕ ತುದಿ) ಎಷ್ಟು ಇಂಚು? ರೇಂಜ್ ಎಷ್ಟರಿಂದ ಎಷ್ಟು? 10 ಅಂದರೆ 10 ಏನು, ನ್ಯೂಟನ್ ಮೀಟರಾ, ಫೂಟ್ ಪೌಂಡಾ? ಗಾಡಿ ಯಾವುದು?

ಶೆಡ್ ಮಂಜ
@ಜಾಣ ಅಣ್ಣ, ಜಿಎಸ್‌ಟಿ ಬಿಲ್ಲೇ ಇದೆ. ಹೆಸರು ಕೆತ್ತಿದ್ದೇ. ಪ್ಲಾಸ್ಟಿಕ್ ಬಾಕ್ಸಿನ ಒಳಗೆ ಒಂದು ಸರ್ಟಿಫಿಕೇಟ್ ಕಾಗದವೂ ಇದೆ. ಬಾಕ್ಸ್ ಸೆಟ್ಟೂ ಅದೇ ಅಂಗಡಿಯದ್ದು, 12 ಪಾಯಿಂಟ್ (ಒಳಗೆ 12 ಮೂಲೆ ಇರೋದು), ಅದೇನೋ ಚೆನ್ನಾಗಿದೆ.

ಎಂಟನೇ ನಂಬರ್ ಟಿ, ಹುಬ್ಬಳ್ಳಿ
ಅಲ್ರೀ ಮಂಜಣ್ಣ, ಕ್ಲಚ್ ಕವರ್‌ಗೆ ಟಾರ್ಕ್ ರೆಂಚ್ ಯಾಕ್ರೀ ಬೇಕು? 8 ನಂಬರ್ ಟಿ ಸ್ಪ್ಯಾನರ್ ತಗೊಳ್ಳಿ. ಮೊದಲು ಎಲ್ಲ ಬೋಲ್ಟ್ ಬೆರಳಲ್ಲೇ ಕೂರಿಸಿ. ಆಮೇಲೆ ಎದುರುಬದುರು ಒಂದೊಂದೇ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಗ್ಯಾಸ್ಕೆಟ್ ಒತ್ತಿದ್ದು ಕೈಗೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ನನ್ನ ಗ್ಯಾರೇಜಿನಲ್ಲಿ ಹುಡುಗರಿಗೆ ಮೊದಲು ಕಲಿಸೋದೇ ಇದನ್ನು.

ಇನ್ನೊಂದು ಮಾತು. 12 ಪಾಯಿಂಟ್ ಬಾಕ್ಸ್ ಯಾಕೆ ತಂದಿರಿ? 8, 10 ನಂಬರಿಗೆ 6 ಪಾಯಿಂಟೇ ಬೇಕು. 12 ಪಾಯಿಂಟು ಮೂಲೆ ಹತ್ತಿರ ಮಾತ್ರ ಹಿಡಿಯುತ್ತದೆ, ಸ್ವಲ್ಪ ಸವೆದ ತಲೆ ಸಿಕ್ಕಿದರೆ ಗುಂಡಗೆ ಮಾಡಿಬಿಡುತ್ತದೆ.

ಆರ್‌ಎಕ್ಸ್ ಪ್ರೇಮಿ, ಶಿವಮೊಗ್ಗ
12 ಪಾಯಿಂಟ್ ಬಗ್ಗೆ ಹೀಗೆ ಸಾರಾಸಗಟಾಗಿ ಹೇಳಬೇಡಿ ಸರ್. ಇಕ್ಕಟ್ಟಿನ ಜಾಗದಲ್ಲಿ ಟಾಮಿ ಬಾರ್ (ಬಾಕ್ಸ್ ತಿರುಗಿಸುವ ಸರಳು) ಹಾಕಿ ತಿರುಗಿಸುವಾಗ 6 ಪಾಯಿಂಟಿಗೆ 60 ಡಿಗ್ರಿ ಜಾಗ ಬೇಕು, 12ಕ್ಕೆ 30 ಸಾಕು. ನನ್ನ ಹತ್ತಿರ ಎರಡೂ ಸೆಟ್ ಇವೆ. ಐದು ಡ್ರಾಯರ್ ಟ್ರಾಲಿ ತಗೊಂಡು, ಒಳಗೆ ಫೋಮ್ ಹಾಕಿ, ಒಂದೊಂದು ಬಾಕ್ಸಿನ ಆಕಾರಕ್ಕೂ ನಾನೇ ಬ್ಲೇಡಿನಲ್ಲಿ ಕತ್ತರಿಸಿದ್ದೇನೆ. ರಾತ್ರಿ ಮುಚ್ಚುವಾಗ ಒಂದು ಟೂಲ್ ಕಡಿಮೆ ಇದ್ದರೂ ಖಾಲಿ ಗುಂಡಿ ಕಾಣುತ್ತದೆ. ಫೋಟೋ ಬೇಕಾದವರು ಕೇಳಿ.

ಎಂಟನೇ ನಂಬರ್ ಟಿ
ರ‍್ಯಾಚೆಟ್ (ಬಾಕ್ಸ್ ತೆಗೆಯದೆ ಹಿಂದೆ ಮುಂದೆ ಆಡಿಸಿ ತಿರುಗಿಸುವ ಹಿಡಿ) ಇದ್ದವರಿಗೆ 30 ಡಿಗ್ರಿ ಲೆಕ್ಕ ಯಾಕ್ರೀ? ಬಾಕ್ಸಿನಲ್ಲಿ 6, ರಿಂಗ್ ಸ್ಪ್ಯಾನರಿನಲ್ಲಿ 12. ಇಷ್ಟೇ.

ಆರ್‌ಎಕ್ಸ್ ಪ್ರೇಮಿ
ರ‍್ಯಾಚೆಟ್ ತಲೆ ಹಿಡಿಸದ ಜಾಗವೂ ಇರುತ್ತದೆ ಸರ್. ನೀವು ಬರೀ ಬೈಕ್ ನೋಡಿದ್ದೀರಿ ಅನ್ನಿಸುತ್ತದೆ.

ಎಂಟನೇ ನಂಬರ್ ಟಿ
ಬೈಕು, ಆಟೋ, ಟಂಟಂ, ಪಂಪ್‌ಸೆಟ್, ಎಲ್ಲ ನೋಡಿದ್ದೇನೆ. ಫೋಮ್ ಕತ್ತರಿಸಲು ಮಾತ್ರ ಪುರುಸೊತ್ತು ಸಿಕ್ಕಿಲ್ಲ.

ಮೈಕ್ರಾನ್
ಮಂಜ ಅವರೇ, ರೇಂಜ್?

ಕರಾವಳಿ ಕೀಲಿ, ಉಡುಪಿ
ಕ್ಲಚ್ ಕವರ್ ಬಿಚ್ಚಿದ ಮೇಲೆ ತೂತಿನೊಳಗೆ ಎಂಜಿನ್ ಆಯಿಲ್ ಇಳಿದಿರುತ್ತದೆ. ಒರೆಸಿದಿರಾ? ಮ್ಯಾನ್ಯುಯಲ್‌ನ ಲೆಕ್ಕ ಸಾಮಾನ್ಯವಾಗಿ ಒಣ ಥ್ರೆಡ್‌ಗೆ. ಆಯಿಲ್ ಇದ್ದರೆ ತಿಕ್ಕಾಟ ಕಡಿಮೆ, ಅದೇ ಟಾರ್ಕಿಗೆ ಬೋಲ್ಟ್ ಜಾಸ್ತಿ ಎಳೆಯುತ್ತದೆ. ನಮ್ಮ ಕಡೆ ತುಕ್ಕಿನ ಕಾಟಕ್ಕೆ ಎಲ್ಲದಕ್ಕೂ ಗ್ರೀಸ್ ಹಚ್ಚುವ ಅಭ್ಯಾಸ, ಹಾಗಾಗಿ ನಾನು ಸ್ವಲ್ಪ ಕಡಿಮೆಗೇ ಸೆಟ್ ಮಾಡುತ್ತೇನೆ.

ಜೇಸಿ ರೋಡ್ ಜಾಣ
ಆಯಿಲ್ ಇದ್ದರೂ ಕ್ಲಿಕ್ ಆಗಲೇಬೇಕಲ್ವಾ ಗುರು? ಕ್ಲಿಕ್ಕೇ ಆಗಿಲ್ಲ ಅಂದರೆ ಒಳಗಿನ ಸ್ಪ್ರಿಂಗ್ ಕಳಪೆ. ಡೂಪ್ಲಿಕೇಟೇ. ಆ ಸರ್ಟಿಫಿಕೇಟಿನಲ್ಲಿ ಏನಿದೆ ಅಂತ ಇಲ್ಲಿ ಹಾಕಿ, ಈಗಲೇ ಬಣ್ಣ ಬಯಲಾಗುತ್ತದೆ. ಕಾಗದದ ಸೀರಿಯಲ್ ನಂಬರೂ ರೆಂಚಿನ ಮೇಲಿನ ನಂಬರೂ ಒಂದೇನಾ?

ಶೆಡ್ ಮಂಜ
ಫೋಟೋ ಅಪ್‌ಲೋಡ್ ಆಗುತ್ತಿಲ್ಲ, ನೆಟ್ ಸರಿ ಇಲ್ಲ. ಸೀರಿಯಲ್ ನಂಬರ್ ಎರಡರಲ್ಲೂ ಒಂದೇ. ಕಾಗದದಲ್ಲಿ ಐಎಸ್‌ಒ 6789 ಅಂತ ಇದೆ. ಕೆಳಗೆ ಟೇಬಲ್. 42, 126, 210, ಪ್ರತಿಯೊಂದರ ಮುಂದೆ ಐದೈದು ರೀಡಿಂಗ್. ಪ್ಲಸ್ ಮೈನಸ್ 4 ಪರ್ಸೆಂಟ್. ಇದರಿಂದ ಏನು ಗೊತ್ತಾಗುತ್ತದೆ?

ಮೈಕ್ರಾನ್
ಎಲ್ಲ ಗೊತ್ತಾಯಿತು.

ಆ ಸ್ಟ್ಯಾಂಡರ್ಡ್ ಪ್ರಕಾರ ರೆಂಚನ್ನು ಮೂರು ಕಡೆ ಪರೀಕ್ಷೆ ಮಾಡುತ್ತಾರೆ. ಗರಿಷ್ಠದ 20, 60 ಮತ್ತು 100 ಪರ್ಸೆಂಟಿನಲ್ಲಿ. 210ರ 20 ಪರ್ಸೆಂಟ್ 42. ಅಂದರೆ ನಿಮ್ಮದು 210 ನ್ಯೂಟನ್ ಮೀಟರಿನ ಅರ್ಧ ಇಂಚು ಡ್ರೈವ್ ರೆಂಚ್. ಸ್ಕೇಲ್ ಬಹುಶಃ 28ರಿಂದ ಶುರುವಾಗುತ್ತದೆ, 14ರ ಅಂತರದಲ್ಲಿ ಗೆರೆಗಳು: 28, 42, 56, ಹೀಗೆ. ಹೌದಾ? ಹಾಗಿದ್ದರೆ ಅದರಲ್ಲಿ 10 ಅನ್ನೋ ಗುರುತೇ ಇಲ್ಲ. ಎಲ್ಲಿ ಸೆಟ್ ಮಾಡಿದಿರಿ?

ಕವರ್ ಬೋಲ್ಟ್ ಎಂ6, ಅಂದರೆ 6 ಮಿಲಿಮೀಟರ್ ದಪ್ಪದ್ದು. ಅದಕ್ಕೆ ಬೇಕಾಗಿರೋದು 10, ಹೆಚ್ಚೆಂದರೆ 12 ನ್ಯೂಟನ್ ಮೀಟರ್. ನಿಮ್ಮ ರೆಂಚಿನ ಹಿಡಿ ಸುಮಾರು 45 ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಅಲ್ಲಿ ಎರಡು ಕಾಲು ಕೆಜಿ ಭಾರ ಬಿದ್ದರೆ 10 ನ್ಯೂಟನ್ ಮೀಟರ್ ಆಗಿಹೋಯಿತು. ಅಷ್ಟು ಒತ್ತಿದ್ದು ನಿಮ್ಮ ಕೈಗೆ ಲೆಕ್ಕಕ್ಕೇ ಬರಲ್ಲ. ಸ್ಪ್ರಿಂಗ್ ಅಷ್ಟು ಸಡಿಲ ಇರುವಾಗ ಕ್ಲಿಕ್ ಬಂದರೂ ಎಷ್ಟು ಮೆಲ್ಲಗೆ ಬರುತ್ತದೆ ಅಂದರೆ, ಪಕ್ಕದಲ್ಲಿ ಗಾಡಿ ಸ್ಟಾರ್ಟ್ ಇದ್ದರೆ ಗೊತ್ತೇ ಆಗಲ್ಲ. ಕ್ಲಿಕ್ ಆದ ಮೇಲೆ ರೆಂಚ್ ನಿಮ್ಮನ್ನು ತಡೆಯಲ್ಲ, ಎಳೆದಷ್ಟೂ ಬಿಗಿಯಾಗುತ್ತದೆ.

ಶೆಡ್ ಮಂಜ
28ರ ಗೆರೆ ದಾಟಿ ಇನ್ನೂ ಕೆಳಗೆ ತಿರುಗಿತು, ಅಂದಾಜಿನಲ್ಲಿ 10ರ ಜಾಗಕ್ಕೆ ತಂದೆ. ಕೆಳಗೆ ಹೋಗಬಾರದು ಅಂದರೆ ಅಲ್ಲಿ ಲಾಕ್ ಯಾಕೆ ಇಟ್ಟಿಲ್ಲ? ಬೈಕ್ ಗ್ಯಾರೇಜಿಗೆ ಬೇಕು ಅಂತ ಹೇಳಿಯೇ ಕೇಳಿದ್ದೆ, ಅಂಗಡಿಯವನು ಒಂದು ಮಾತು ಹೇಳಬೇಕಿತ್ತು. ಅರ್ಧ ಇಂಚಿಂದ ಕಾಲು ಇಂಚಿಗೆ ಅಡಾಪ್ಟರ್ ಕೂಡ ಅವನೇ ಕೊಟ್ಟಿದ್ದು. ಗಾಡಿ 150 ಸಿಸಿ.

ಎಂಟನೇ ನಂಬರ್ ಟಿ
ಟಿ ಸ್ಪ್ಯಾನರಿಗೆ ಸರ್ಟಿಫಿಕೇಟೂ ಬೇಡ, ಗೆರೆಯೂ ಬೇಡ. ಸುಮ್ನೆ ಹೇಳಿದೆ.

ಮೈಕ್ರಾನ್
ಟಿ ಸ್ಪ್ಯಾನರಿನಲ್ಲಿ ನಿಮ್ಮ ಕೈ ಸರಿ ಇರಬಹುದು ಸರ್. ನಿಮ್ಮ ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗನ ಕೈ? ಕ್ಲಚ್ ಸೆಂಟರ್ ನಟ್, ಮ್ಯಾಗ್ನೆಟ್ ನಟ್, ಆಕ್ಸಲ್ ನಟ್, ಇವನ್ನೂ ಅಂದಾಜಿನಲ್ಲೇ ಬಿಗಿ ಮಾಡುತ್ತೀರಾ? ಮಂಜ ಅವರ ರೆಂಚ್ ಆ ಕೆಲಸಕ್ಕೆ ಸರಿಯಾಗಿದೆ, ಬಿಸಾಡಬೇಕಿಲ್ಲ. ಕವರ್ ಬೋಲ್ಟ್‌ಗಳಿಗೆ ಕಾಲು ಇಂಚು ಡ್ರೈವಿನ 5ರಿಂದ 25ರ ರೆಂಚ್ ಬೇರೆ ತಗೊಳ್ಳಿ. ಬೈಕ್ ಗ್ಯಾರೇಜಿನಲ್ಲಿ ಮೊದಲು ತಗೋಬೇಕಾಗಿದ್ದೇ ಅದು.

ಇನ್ನೆರಡು ಮಾತು. ಕೆಲಸ ಮುಗಿದ ಮೇಲೆ ಸ್ಕೇಲಿನ ಕೊನೆಯ ಗೆರೆಗೆ, ಅಂದರೆ 28ಕ್ಕೆ ಇಳಿಸಿ ಇಡಿ. ಅದಕ್ಕಿಂತ ಕೆಳಗೆ ತಿರುಗಿಸಿದರೆ ಒಳಗಿನ ಬಿಡಿಭಾಗ ಜಾಗ ತಪ್ಪಬಹುದು. ಮತ್ತೆ, ಜಾಮ್ ಆದ ನಟ್ ಬಿಚ್ಚಲು ಅದನ್ನು ಟಾಮಿ ಬಾರ್ ಥರ ಬಳಸಬೇಡಿ.

ಜೇಸಿ ರೋಡ್ ಜಾಣ
ಇದೆಲ್ಲ ಸರಿ. ಆದರೆ ಒರಿಜಿನಲ್ ಅಂತ ಸಾಬೀತಾಗಿಲ್ಲ. ಸರ್ಟಿಫಿಕೇಟೂ ಪ್ರಿಂಟ್ ಹೊಡೆಯುತ್ತಾರೆ.

ಮೈಕ್ರಾನ್
ಅನುಮಾನ ಇದ್ದರೆ ಪರೀಕ್ಷೆ ಮಾಡಬಹುದು. ರೆಂಚಿನ ಚೌಕ ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ರೆಂಚ್ ನೆಲಕ್ಕೆ ಸಮಾನಾಂತರ ಇರಲಿ. 42ಕ್ಕೆ ಸೆಟ್ ಮಾಡಿ. ಡ್ರೈವಿನ ನಡುವಿನಿಂದ 40 ಸೆಂಟಿಮೀಟರಿಗೆ, ಹಿಡಿಯ ಮೇಲೆ, ಹಗ್ಗದಲ್ಲಿ 10 ಕೆಜಿ ಮೆಲ್ಲಗೆ ಇಳಿಬಿಡಿ. ಅದು 39 ನ್ಯೂಟನ್ ಮೀಟರ್. ರೆಂಚಿನ ಸ್ವಂತ ತೂಕ ಎರಡು ಮೂರು ಸೇರಿಸುತ್ತದೆ. ಆಸುಪಾಸಿನಲ್ಲಿ ಕ್ಲಿಕ್ ಆದರೆ ಸದ್ಯಕ್ಕೆ ಸಾಕು. ಪಕ್ಕಾ ಬೇಕು ಅಂದರೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ಗಳು ನಮ್ಮ ಪೀಣ್ಯ ಕಡೆ ಇವೆ. ವರ್ಷಕ್ಕೆ ಒಂದು ಸಲ, ಇಲ್ಲ 5000 ಕ್ಲಿಕ್‌ಗೆ ಒಂದು ಸಲ ತೋರಿಸೋದು ಪದ್ಧತಿ.

ಶೆಡ್ ಮಂಜ
ರೆಂಚ್ ಆಮೇಲೆ ನೋಡೋಣ. ಈಗ ಹೋಗಿರುವ ಥ್ರೆಡ್‌ಗೆ ಏನು ಮಾಡಲಿ?

ಎಂಟನೇ ನಂಬರ್ ಟಿ
ಎಂ7 ಟ್ಯಾಪ್ (ಥ್ರೆಡ್ ಕೊರೆಯುವ ಟೂಲ್) ಹೊಡೆದು ದೊಡ್ಡ ಬೋಲ್ಟ್ ಹಾಕಿ ಕಳಿಸಿ. ಕವರಿನ ತೂತೂ ಸ್ವಲ್ಪ ದೊಡ್ಡದು ಮಾಡಬೇಕಾಗುತ್ತದೆ. ಅರ್ಧ ಗಂಟೆ ಕೆಲಸ.

ಕರಾವಳಿ ಕೀಲಿ
ದಯವಿಟ್ಟು ಹಾಗೆ ಮಾಡಬೇಡಿ. ಎಂ7 ಬೋಲ್ಟ್ ಮುಂದೆ ಯಾವ ಅಂಗಡಿಯಲ್ಲೂ ಸುಲಭವಾಗಿ ಸಿಗಲ್ಲ. ಮುಂದಿನ ಮೆಕ್ಯಾನಿಕ್ ನಿಮಗೆ ಬೈಯುತ್ತಾನೆ. ಎಂ6 ಹೆಲಿಕಾಯಿಲ್ (ಹೋದ ಥ್ರೆಡ್ ಜಾಗಕ್ಕೆ ಕೂರಿಸುವ ತಂತಿ ಸುರುಳಿ) ಹಾಕಿ. 6.3 ಡ್ರಿಲ್, ಕಿಟ್ಟಿನ ಜೊತೆ ಬರುವ ಟ್ಯಾಪ್, 9 ಮಿಲಿಮೀಟರ್ ಉದ್ದದ ಸುರುಳಿ. ಡ್ರಿಲ್ಲಿಗೂ ಟ್ಯಾಪಿಗೂ ಗ್ರೀಸ್ ಮೆತ್ತಿ, ಚೂರೆಲ್ಲ ಅದಕ್ಕೇ ಅಂಟಿಕೊಂಡು ಬರುತ್ತದೆ. ಅಕ್ಕಪಕ್ಕದ ಜಾಗ ಬಟ್ಟೆಯಿಂದ ಮುಚ್ಚಿ, ಒಂದು ಚೂರೂ ಕ್ಲಚ್ ಕಡೆ ಬೀಳಬಾರದು. ಸುರುಳಿ ಮೇಲ್ಮೈಗಿಂತ ಅರ್ಧ ಸುತ್ತು ಒಳಗೆ ಇಳಿದ ಮೇಲೆ ತುದಿಯ ನಾಲಿಗೆ ಮುರಿದು, ಮರೆಯದೆ ಹೊರಗೆ ತೆಗೆಯಿರಿ. ಡ್ರಿಲ್ ನೆಟ್ಟಗೆ ಹಿಡಿಯುವ ನಂಬಿಕೆ ಇಲ್ಲ ಅಂದರೆ ಲೇತ್ ವರ್ಕ್ಸ್‌ನವರಿಗೆ ಕೊಡಿ.

ಒಂದು ಅನುಮಾನ. ಕ್ಲಚ್ ಕವರಿನ ಬೋಲ್ಟ್ ಎಲ್ಲ ಒಂದೇ ಉದ್ದ ಇರಲ್ಲ. ಬಿಚ್ಚುವಾಗ ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಆಯಾ ಜಾಗಕ್ಕೆ ಚುಚ್ಚಿ ಇಟ್ಟಿದ್ದಿರಾ? ಉದ್ದದ ಬೋಲ್ಟ್ ಜಾಗಕ್ಕೆ ಗಿಡ್ಡದು ಹೋಗಿದ್ದರೆ ಎರಡು ಮೂರು ಥ್ರೆಡ್ ಮಾತ್ರ ಹಿಡಿಯುತ್ತದೆ. ಆಗ 10ಕ್ಕೂ ಕಿತ್ತು ಬರಬಹುದು. ಬೋಲ್ಟಿಗೆ ಸುತ್ತಿಕೊಂಡ ಸುರುಳಿ ಎಷ್ಟು ಉದ್ದ ಇತ್ತು?

ಆರ್‌ಎಕ್ಸ್ ಪ್ರೇಮಿ
ಇದಕ್ಕೇ ನಾನು ನನ್ನ ಆರ್‌ಎಕ್ಸ್ 100ರ ಕವರಿನ ಸ್ಟಾರ್ ಸ್ಕ್ರೂಗಳನ್ನೆಲ್ಲ ತೆಗೆದು ಸ್ಟೇನ್‌ಲೆಸ್ ಅಲೆನ್ ಬೋಲ್ಟ್ ಹಾಕಿದ್ದೇನೆ. ಆ ಸ್ಕ್ರೂ ಬಿಚ್ಚಲು ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆಯದೆ ಬೇರೆ ದಾರಿಯೇ ಇರಲಿಲ್ಲ. 1991ರ ಮಾಡೆಲ್, ಒರಿಜಿನಲ್ ಪೇಂಟ್.

ಎಂಟನೇ ನಂಬರ್ ಟಿ
ಅಲ್ಯೂಮಿನಿಯಂ ಒಳಗೆ ಸ್ಟೇನ್‌ಲೆಸ್ ಹಾಕಿ ಮಳೆಗಾಲದಲ್ಲಿ ಓಡಿಸಿ ನೋಡಿ, ಆಮೇಲೆ ಬಿಚ್ಚುವಾಗ ನನ್ನ ನೆನಪಾಗುತ್ತದೆ.

ಆರ್‌ಎಕ್ಸ್ ಪ್ರೇಮಿ
ಕಾಪರ್ ಗ್ರೀಸ್ ಹಚ್ಚಿದ್ದೇನೆ ಸರ್. ಮಳೆಗೆ ಗಾಡಿ ಹೊರಗೆ ತೆಗೆಯೋದೂ ಇಲ್ಲ.

ಶೆಡ್ ಮಂಜ
ಲೇತ್‌ನಲ್ಲಿ ಹೆಲಿಕಾಯಿಲ್ ಹಾಕಿಸಿದೆ, ಗಾಡಿ ಹೋಯಿತು. ಆಯಿಲ್ ಲೀಕ್ ಇಲ್ಲ. ಖರ್ಚು ನನ್ನ ತಲೆಗೇ. ಅಂಗಡಿಯವನು ಬಾಕ್ಸ್ ತೆರೆದಿದ್ದು ವಾಪಸ್ ತಗೊಳ್ಳಲ್ಲ ಅನ್ನುತ್ತಾನೆ. 5ರಿಂದ 25ರದ್ದು ಯಾರ ಹತ್ತಿರವಾದರೂ ಸೆಕೆಂಡ್ ಹ್ಯಾಂಡ್ ಇದ್ದರೆ ಹೇಳಿ.

ಜೇಸಿ ರೋಡ್ ಜಾಣ
ಸೆಕೆಂಡ್ ಹ್ಯಾಂಡಾ? ಬೇಡ ಮಂಜಣ್ಣ. ಯಾರು ಎಷ್ಟು ಸಲ ಕೆಳಗೆ ಬೀಳಿಸಿದ್ದಾರೋ ಗೊತ್ತಾಗಲ್ಲ. ನಾನು ಬೇಕಾದರೆ ಅಂಗಡಿಗೆ ಜೊತೆಗೆ ಬರುತ್ತೇನೆ.

ಕರಾವಳಿ ಕೀಲಿ
ಮಂಜ ಅವರೇ, ಬೋಲ್ಟ್ ಉದ್ದ ಅಳೆದು ನೋಡಿದಿರಾ?