ಸಹಾಯ ಬೇಕು: ಇದು ಈಜುಕೊಳವೋ, ನೀಲಿ ಟಾರ್ಪಾಲೋ?

ಎಲ್ಲರಿಗೂ ನಮಸ್ಕಾರ. ಮಲ್ಪೆಯಿಂದ ಕಾಪುವರೆಗಿನ ಡ್ರೋನ್ ಫೋಟೋಗಳಲ್ಲಿ ಈಜುಕೊಳಗಳನ್ನು ಕಂಪ್ಯೂಟರೇ ಗುರುತಿಸುವ ಹಾಗೆ ಮಾಡಲು ಹೊರಟಿದ್ದೇವೆ. ಇದಕ್ಕೆ ಯೋಲೋ ಮಾಡೆಲ್ (ಫೋಟೋದಲ್ಲಿ ಏನೇನು ಎಲ್ಲಿದೆ ಎಂದು ಗುರುತಿಸಲು ಕಲಿಸಬಹುದಾದ ಎಐ ಪ್ರೋಗ್ರಾಂ) ಬಳಸುತ್ತಿದ್ದೇವೆ.

ಫ್ರಾನ್ಸ್‌ನಲ್ಲಿ 2022ರಲ್ಲಿ ಇದೇ ರೀತಿ 20 ಸಾವಿರಕ್ಕೂ ಜಾಸ್ತಿ ತೆರಿಗೆ ತಪ್ಪಿಸಿದ ಕೊಳಗಳನ್ನು ಹಿಡಿದರು. ನಮಗೆ ತೆರಿಗೆ ಬೇಡ, ಸೊಳ್ಳೆಯ ಚಿಂತೆ. ಸೀಸನ್ ಮುಗಿದ ಮೇಲೆ ಕೆಲವು ಹೋಂಸ್ಟೇಗಳಲ್ಲಿ ಕೊಳಕ್ಕೆ ಕ್ಲೋರಿನ್ ಹಾಕುವವರೇ ಇರುವುದಿಲ್ಲ. ನಿಂತ ನೀರಲ್ಲಿ ಮಲೇರಿಯಾ ಸೊಳ್ಳೆ ಮೊಟ್ಟೆ ಇಡುತ್ತದೆ. ಗೇಟಿಗೆ ಬೀಗ ಇದ್ದರೆ ಆಶಾ ಕಾರ್ಯಕರ್ತೆಯರು ಒಳಗೆ ನೋಡುವುದಾದರೂ ಹೇಗೆ?

ತೊಂದರೆ ಇಷ್ಟೇ. ಮಳೆಗಾಲಕ್ಕೆ ಮಾಡಿನ ಮೇಲೆ, ಕಟ್ಟಿಗೆ ರಾಶಿಯ ಮೇಲೆ ಹೊದಿಸಿದ ನೀಲಿ ಟಾರ್ಪಾಲನ್ನೆಲ್ಲ ಮಾಡೆಲ್ ಕೊಳ ಅನ್ನುತ್ತದೆ. ಅದೇ ಪಾಚಿ ಕಟ್ಟಿ ಹಸಿರಾದ ಕೊಳ, ನಮಗೆ ನಿಜವಾಗಿ ಬೇಕಾದದ್ದು, ತೆಂಗಿನ ನೆರಳಲ್ಲಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಕೆಂಪು ಕಲ್ಲಿನ ಕೋರೆಯಲ್ಲಿ ನಿಂತ ನೀರೂ ಗೊಂದಲ ಮಾಡುತ್ತದೆ, ಆದರೆ ಅದನ್ನು ಬಿಡುವುದು ಬೇಡ, ಅಲ್ಲೂ ಸೊಳ್ಳೆ ಇದೆ.

ನೀರು ನಮ್ಮ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಆ ಬೆಳಕನ್ನು ಹಿಡಿಯುವ ಕ್ಯಾಮೆರಾ ಇದ್ದರೆ ಟಾರ್ಪಾಲು ಬೇರೆ ಮಾಡಬಹುದು. ನಮ್ಮದು ಮಾಮೂಲಿ ಬಣ್ಣದ ಕ್ಯಾಮೆರಾ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್ಲೇ 10 ಮೀಟರ್, ಮನೆಯ ಕೊಳಕ್ಕೆ ಅದು ಸಾಲದು.

ಮಂಗಳೂರು, ಉಡುಪಿ ಕಡೆ ಮಲ್ಟಿಸ್ಪೆಕ್ಟ್ರಲ್ ಡ್ರೋನ್ (ಇನ್‌ಫ್ರಾರೆಡ್ ಬೆಳಕನ್ನೂ ಹಿಡಿಯುವ ಕ್ಯಾಮೆರಾ ಇರುವ ಡ್ರೋನ್) ಯಾರ ಹತ್ತಿರ ಇದೆ? ಬಾಡಿಗೆಗಾದರೂ ಸರಿ. ಹಸಿರು ಕೊಳಗಳ ಲೇಬಲ್ ಮಾಡಿದ, ಅಂದರೆ ಕೊಳ ಎಲ್ಲಿದೆ ಎಂದು ಗುರುತು ಹಾಕಿದ, ಫೋಟೋ ಇದ್ದರೂ ಕೊಡಿ. ಮನೆಯವರ ಒಪ್ಪಿಗೆ ಇಲ್ಲದೆ ತೆಗೆದದ್ದು ಮಾತ್ರ ಬೇಡ.